ಉಳಿದದ್ದು ಒಂದೇ ಸಲ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ನಮ್ಮ ಅಂಗಡಿಗೆ ಜನ.
ಬೇಸರಕ್ಕೆ ಒಳಗೆ ಬಂದು, ಡಿಸ್ಕುಗಳ ಬೆನ್ನು ಓದಿ,
ಗೂಡ್ಸು ದಾಟಿದ್ದೇ ಮಾಯ.

ಹಾಲಮ್ಮ ಟೀಚರ್ ಮಾತ್ರ
ಗೇಟು ಎದ್ದರೂ ಹೋಗಲಿಲ್ಲ.
ಕಿವುಡು ಮಕ್ಕಳ ಶಾಲೆಯವರು. ಚೀಲದಲ್ಲಿ
ಮಂಡಕ್ಕಿ ಪೊಟ್ಟಣ, ಹಾಜರಿ ಪುಸ್ತಕ, ನಡುವೆ
ಕರವಸ್ತ್ರ ಸುತ್ತಿದ ಒಂದು ಡಿಸ್ಕು.
ಅಮೆರಿಕದ ಯಾವುದೋ ಶಾಲೆ ಪುಕ್ಕಟೆ ಕಳಿಸಿದ್ದು:
ಮುದುಕನೊಬ್ಬ ಬಾಯಿ ಬಿಡದೆ
ಬರೀ ಕೈಯಲ್ಲಿ ಕಥೆ ಹೇಳುತ್ತಾನಂತೆ.
"ನಮ್ಮ ಕಂಪ್ಯೂಟರು ಒಲ್ಲೆ ಅಂತೈತಿ, ನೋಡ್ರಿ."

ಡಬ್ಬಿಯ ಹಿಂದೆ ಬೆರಳುಗುರಿನಷ್ಟು ಭೂಗೋಳ,
ಅದರ ಹೊಟ್ಟೆಯಲ್ಲಿ ಒಂದು ಎಂಬ ಅಂಕಿ.
ನಮ್ಮದು ಐದು.
ಪಾಲಾಗುವ ಅಣ್ಣತಮ್ಮಂದಿರ ಹಾಗೆ ಯಾರೋ
ಲೋಕಕ್ಕೆ ಗೆರೆ ಎಳೆದು
ದಾವಣಗೆರೆಯನ್ನು ಮಾಸ್ಕೋದ ಜೊತೆ
ಒಂದೇ ಓಣಿಗೆ ಹಾಕಿದ್ದರು.
ನಮಗೆ ಹೇಳಿಕಳಿಸಿರಲಿಲ್ಲ.

ಅಂಗಡಿಯ ಡ್ರೈವು ಕೇಳಿತು:
ಪ್ರಾಂತ್ಯ ಬದಲಿಸಲೇ? ಉಳಿದಿರುವುದು ಒಂದು ಸಲ.
ಕೊಡುವುದೇ ಐದು. ಅದು ಮುಗಿದರೆ
ನಿಂತ ಪ್ರಾಂತ್ಯದಲ್ಲೇ ಕಲ್ಲು.
ಹಿಂದಿನ ನಾಲ್ಕನ್ನು ಕಳೆದವನು ನಾನು,
ಹಾಂಗ್‌ಕಾಂಗಿನ ಹೊಡೆದಾಟದ ಆಸೆಗೆ
ಹೋಗಿ ಬಂದು, ಹೋಗಿ ಬಂದು.
ದಾದಾಪೀರ್ ಮಾಮನಿಗೆ ಇವತ್ತಿಗೂ ಹೇಳಿಲ್ಲ.

"ಒತ್ತಬ್ಯಾಡ" ಎಂದರು ಮಾಮ.
"ಕೊನೇದು ಕಿಸೆಯಾಗ ಇರ್ಲಿ."
ಗಲ್ಲದ ಅಡಿಯಿಂದ ಬೇರೊಂದು ಸಾಫ್ಟ್‌ವೇರ್ ತೆಗೆದು ಹಾಕಿದರು.
ಅದು ಡ್ರೈವನ್ನು ಊರು ಬದಲಿಸೆಂದು ಕೇಳಲಿಲ್ಲ.
ಕೀಲಿ ಕೊಡೆನೆಂದಿತು ಡ್ರೈವು; ಬಿಡು ಎಂದು
ಬೀಗ ಜಡಿದ ಚಿತ್ರವನ್ನೇ ಹಸಿಹಸಿಯಾಗಿ ಎತ್ತಿಕೊಂಡು
ಎಲ್ಲಿ ಅದೇ ಅಂಕಿಸಾಲು ಮರಳಿ ಬರುತ್ತದೋ
ಅಲ್ಲಿ ಕಿವಿ ಇಟ್ಟಿತು.
ಒರಳಿನ ಸದ್ದು ಕೇಳಿಯೇ ಅಜ್ಜಿ
ಗೋಡೆಯಾಚೆ ಯಾವ ಚಟ್ನಿ ಎನ್ನುತ್ತಿದ್ದಳಲ್ಲ,
ಹಾಗೆ ಊಹಿಸುತ್ತ ಹೋಯಿತು
ನಲವತ್ತು ಬಿಟ್ಟಿನ ಬೀಗಕ್ಕೆ ಕೀಲಿಯನ್ನು.

"ತಪ್ಪಲ್ಲೇನ್ರಿ ಇದು?" ಟೀಚರ್ ಕೇಳಿದರು.
ಹೊರಗೆ ಮತ್ತೆ ಗೇಟು ಬಿದ್ದಿತ್ತು.
ಹಾಲಿನ ಕ್ಯಾನಿನವನು ಸೈಕಲ್ಲನ್ನು ಕರುವಿನಂತೆ ಮಲಗಿಸಿ
ಅಡಿಯಿಂದ ದಾಟಿಸುತ್ತಿದ್ದ.
ಮಾಮ ಅವನನ್ನೇ ನೋಡುತ್ತ,
"ಡಿಸ್ಕು ನಿಮ್ಮ ಹೆಸರಿಗೇ ಬಂದೈತಲ್ರೀ" ಎಂದರು.
ಅದು ಉತ್ತರವೋ ಅಲ್ಲವೋ.
ನಾಲ್ಕು ನಿಮಿಷಕ್ಕೆ ಮುದುಕ ಬಂದ, ಬೂದು ಸ್ವೆಟರಿನಲ್ಲಿ,
ಎರಡು ಕೈ ಎತ್ತಿದ.

ಶನಿವಾರ ನಾನೇ ಎಲ್ಲ ಹೊತ್ತು ಶಾಲೆಗೆ ಒಯ್ದೆ.
ಚಾಪೆಯ ಮೇಲೆ ಹದಿನೇಳು ಮಕ್ಕಳು.
ಮುದುಕನ ಕೈ ಹಾರಿತು, ಇಳಿಯಿತು, ಮಡಚಿತು.
ಚೌಡಮ್ಮ ಟೀಚರಿನತ್ತ ತಿರುಗಿ ಬೆರಳು ತಿರುವಿದಳು:
ಏನಂತಾನೆ?
ಟೀಚರಿನ ಕೈ ಮಡಿಲಲ್ಲೇ ಇತ್ತು.
ಕೈಮಾತಿಗೂ ಊರೂರಿನ ಬೀಗ ಉಂಟೆಂದು
ಯಾವ ಡಬ್ಬಿಯ ಬೆನ್ನೂ ಬರೆದಿರಲಿಲ್ಲ.

ನಾನು ವೈರು ಸುತ್ತತೊಡಗಿದೆ.
ಮಕ್ಕಳು ಬಿಡಲಿಲ್ಲ. ಮೊದಲಿಂದ ಹಾಕು.
ಇನ್ನೊಮ್ಮೆ.
ನೀರು ನೋಡುವಾಗಲೆಲ್ಲ ಈ ಕೈ ಬರುತ್ತದೆ, ನೋಡು.
ಅಳುವಾಗಲೆಲ್ಲ ಇದು.
ಮೂರನೆಯ ಸಲ ರುದ್ರಮುನಿ ಎದ್ದು ನಿಂತು
ಗಾಳಿಯಲ್ಲಿ ಹುಟ್ಟು ಹಾಕಿದ.
ಸಂಜೆಯ ಹೊತ್ತಿಗೆ ಅಮೆರಿಕದ ಸಮುದ್ರ
ಸೂಳೆಕೆರೆಯಾಗಿತ್ತು, ದೋಣಿ ಹರಿಗೋಲಾಗಿ
ಮುದುಕನ ಮೀನಿಗೆ
ಚೌಡಮ್ಮ ಎರಡು ಮೀಸೆ ಹಚ್ಚಿದ್ದಳು.
ಎಷ್ಟು ಸರಿ, ಎಷ್ಟು ತಪ್ಪು, ಹೇಳುವವರಿರಲಿಲ್ಲ.

ಮರಳುವಾಗ ಗೇಟು ಬಿದ್ದಿತ್ತು.
ಹೆಗಲ ಮೇಲೆ ಸಿಪಿಯು; ಬಗ್ಗಲಾಗದೆ
ಗೂಡ್ಸಿನ ಡಬ್ಬಿ ಎಣಿಸುತ್ತ ನಿಂತೆ, ಐವತ್ತೆಂಟು.

ಅಂಗಡಿ ಈಗ ಮೊಬೈಲ್ ಕವರಿನದು.
ಮೊನ್ನೆ ಆ ಡ್ರೈವನ್ನು ಗುಜರಿಗೆ ಹಾಕಿದೆ, ಕಿಲೋ ಲೆಕ್ಕ.
ಬಳಸದೆ ಉಳಿದ ಆ ಒಂದು ಸಲ
ಅದರ ಹೊಟ್ಟೆಯಲ್ಲೇ ಇತ್ತು.
ತಕ್ಕಡಿಗೆ ಗೊತ್ತಾಗಲಿಲ್ಲ.